ತಂತಿಯ ತಪ್ಪು, ಹುಡುಗನ ಪಗಾರ

(ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಹೊಟೇಲು ಕೆಲಸಗಾರರ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ನಾಲ್ಕು ಮಾತು ಆಡಬೇಕೆಂದು ನಮ್ಮನ್ನು ಕರೆದ ಗೆಳೆಯರು ವಿಷಯ ಯಾವುದೆಂದು ವಿಚಾರಿಸಿದರು. ವಿದ್ಯುತ್ ತಂತಿಯ ಉದ್ದ, ದಪ್ಪ ಮತ್ತು ಅದರ ರೋಧ ಎಂದೆವು. ಅವರಿಗೆ ನಗು ಬಂತು. ರಜೆ, ಬೋನಸ್ಸು, ಕೆಲಸದ ತಾಸು ಎಂದು ಮಾತಾಡುವವರು ಇದ್ದಕ್ಕಿದ್ದಂತೆ ಶಾಲೆಯ ಮಾಸ್ತರರಾದದ್ದು ಹೇಗೆ ಎಂದು ಕೇಳಿದರು.

ನಾವು ಮಾಸ್ತರರಲ್ಲ. ಏಳನೆಯ ಇಯತ್ತೆ ಮುಗಿಸಿ ಘಟ್ಟ ಹತ್ತಿ ಬಂದವರು. ಲೋಟ ತೊಳೆದು, ಟೇಬಲು ಒರೆಸಿ, ಪಾರ್ಸೆಲು ಕಟ್ಟಿ, ಆ ತರುವಾಯ ಸಂಘದ ಕೆಲಸಕ್ಕೆ ಇಳಿದವರು. ಆದರೆ ತಂತಿಯ ಈ ಚಿಕ್ಕ ಲೆಕ್ಕ ನಮಗೆ ತಿಳಿಯದೆ ಹೋದದ್ದರಿಂದ ಒಬ್ಬ ಹುಡುಗನ ಪಗಾರ ಹೋಯಿತು. ಅದರಲ್ಲಿ ನಮ್ಮ ಪಾಲೂ ಇತ್ತು. ಆದ್ದರಿಂದ ಇದು ಪಗಾರದ ಮಾತೇ. ರಾತ್ರಿ ಅಂಗಡಿಯ ಅಟ್ಟದ ಮೇಲೆ ಮಲಗುವವರ ಜೀವದ ಮಾತೂ ಹೌದು.

ಮೊದಲು ನಡೆದ ಸಂಗತಿಯನ್ನು ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ಇದೇ ಮಾರ್ಕೆಟ್ ಯಾರ್ಡಿನ ಆಸುಪಾಸಿನ ಒಂದು ಹೊಟೇಲಿನಲ್ಲಿ ನಾವು ಕೆಲಸಕ್ಕಿದ್ದೆವು. ಹೆಸರು ಬೇಡ. ಇಲ್ಲಿಯ ದಿನಚರಿ ನಿಮಗೆ ಗೊತ್ತೇ ಇದೆ. ನಸುಕಿಗೆ ಮೊದಲೇ ಗಾಡಿಗಳು ಬಂದು ಉಳ್ಳಾಗಡ್ಡಿ, ಬಟಾಟೆ, ಸೊಪ್ಪು ಇಳಿಯುತ್ತವೆ. ಅಷ್ಟರಲ್ಲಿ ಚಹಾದ ಒಲೆ ಹತ್ತಿರಬೇಕು, ಇಡ್ಲಿ ಬೆಂದಿರಬೇಕು. ಹಮಾಲ ಬಂಧುಗಳು, ಟೆಂಪೋದವರು, ಅಡತಿಯ ಗುಮಾಸ್ತರು, ಇವರೇ ನಮ್ಮ ಗಿರಾಕಿಗಳು.

ಹಿಟ್ಟು ರುಬ್ಬುವ ಗ್ರೈಂಡರು ಮೊದಲು ಅಡಿಗೆಮನೆಯ ಬಾಗಿಲ ಪಕ್ಕದಲ್ಲಿತ್ತು. ಮೀಟರಿನ ಹಲಗೆಯಿಂದ ಅಲ್ಲಿಗೆ 5 ಮೀಟರು. ಸದ್ದಿಗೆ ಗಿರಾಕಿಗಳು ಬೇಸರಪಡುತ್ತಾರೆಂದು ಧಣಿಗಳು ಅದನ್ನು ಹಿತ್ತಲಿನ ತಗಡಿನ ಶೆಡ್ಡಿಗೆ ಸಾಗಿಸಿದರು. ಮೊದಲು ಇದ್ದ ಜಾತಿಯ ತಂತಿಯನ್ನೇ, ಅಂದರೆ ಬಲ್ಬಿಗೆ ಹಾಕುವಂಥ ತೆಳ್ಳನೆಯ ಜೋಡಿ ತಂತಿಯನ್ನೇ, ಮಾಡಿನ ಮೇಲಿನಿಂದ ಎಳೆದು 40 ಮೀಟರು ಒಯ್ದರು. ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಯಿತೆಂದು ಎಲ್ಲರಿಗೂ ಸಂತೋಷವಾಯಿತು.

ರುಬ್ಬುವ ಕೆಲಸ ಕುಂದಾಪುರದ ಕಡೆಯ ಒಬ್ಬ ಹುಡುಗನದು. ವಯಸ್ಸು ಹತ್ತೊಂಬತ್ತು. "ಅಣ್ಣ, ಗ್ರೈಂಡರು ಮೊದಲಿನ ಹಾಗೆ ಇಲ್ಲ. ಗುಂಡಿ ಒತ್ತಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಕೈಯಿಂದ ಕಲ್ಲು ತಿರುಗಿಸಿ ಕೊಡಬೇಕು" ಎಂದು ಅವನು ನಮಗೆ ಎರಡು ಸಲ ಹೇಳಿದ. ಬೆಳಗಿನ ಗಡಿಬಿಡಿಯಲ್ಲಿ ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ತಿಂಗಳಲ್ಲಿ ಮೋಟಾರು ಸುಟ್ಟಿತು.

ಧಣಿಗಳು ನಮ್ಮನ್ನು ಗಲ್ಲೆಯ ಹತ್ತಿರ ಕರೆದು ಕೇಳಿದರು: "ಅವನು ಅಕ್ಕಿ ಹೆಚ್ಚು ಹಾಕುತ್ತಿದ್ದನಾ?" ನಾವು, "ಒಮ್ಮೊಮ್ಮೆ ಹಾಕುತ್ತಾನೆ" ಎಂದುಬಿಟ್ಟೆವು. ನೋಡಿ ಹೇಳಿದ ಮಾತಲ್ಲ ಅದು. ಧಣಿಗಳು ಕೇಳಿದ ಧಾಟಿಗೆ ಸರಿಯಾಗಿ ಬಾಯಿಗೆ ಬಂದ ಮಾತು. ಮೋಟಾರಿನ ಸುರುಳಿ ಹೊಸದಾಗಿ ಸುತ್ತಿಸಿದ ಖರ್ಚು 2400 ರೂಪಾಯಿ. ತಿಂಗಳಿಗೆ 800ರಂತೆ ಮೂರು ಕಂತಿನಲ್ಲಿ ಹುಡುಗನ ಪಗಾರದಿಂದ ಕಡಿಯುವುದೆಂದು ಗೊತ್ತಾಯಿತು. ಎರಡು ಕಂತು ಕಡಿದರು. ಹುಡುಗ ಒಂದು ರಾತ್ರಿ ಯಾರಿಗೂ ಹೇಳದೆ ಊರಿನ ಬಸ್ಸು ಹತ್ತಿದ.

ಆಮೇಲೆ ರುಬ್ಬುವ ಕೆಲಸ ನಮ್ಮ ಪಾಲಿಗೆ ಬಂತು. ನಾವು ಅಳೆದು ಅಳೆದು ಅಕ್ಕಿ ಹಾಕಿದೆವು. ಆದರೂ ಗ್ರೈಂಡರು ಗುಂಯ್ ಎಂದಿತು. ಮೋಟಾರಿನ ಮೈ ಮುಟ್ಟಲಾಗದಷ್ಟು ಬಿಸಿಯಾಯಿತು. ಆಗ ನಮಗೆ ಹೊಳೆಯಿತು, ಹುಡುಗ ಹೇಳಿದ್ದು ನಿಜ ಎಂದು.

ಅಕ್ಕಲಕೋಟೆಯ ಕಡೆಯ ಒಬ್ಬ ಹಿರಿಯ ವೈರ್‌ಮನ್ ಕಾಕಾ ನಮ್ಮಲ್ಲಿ ಚಹಾಕ್ಕೆ ಬರುತ್ತಿದ್ದರು. ಅವರನ್ನು ಕರೆದು ತೋರಿಸಿದೆವು. ಕಾಕಾ ಮೀಟರಿನ ಹಲಗೆಯ ಹತ್ತಿರ ಅಳೆದಾಗ 224 ವೋಲ್ಟು ಇತ್ತು. ಗ್ರೈಂಡರು ಓಡುತ್ತಿರುವಾಗ ಶೆಡ್ಡಿನಲ್ಲಿ ಅಳೆದರೆ 203. ಶುರು ಮಾಡುವ ಕ್ಷಣದಲ್ಲಿ 160ರ ಹತ್ತಿರಕ್ಕೆ ಬೀಳುತ್ತಿತ್ತು. ಕಾಕಾ ಮೇಲಿನ ತಂತಿಯನ್ನು ನೋಡಿ ತಲೆಯಲ್ಲಾಡಿಸಿದರು. "ತಮ್ಮಾ, ಮೋಟಾರದ್ದೂ ತಪ್ಪಿಲ್ಲ, ರುಬ್ಬಾಂವಂದೂ ತಪ್ಪಿಲ್ಲ. ವಾಯರ್ ಉದ್ದ ಆಗೇದ, ಸಣ್ಣ ಆಗೇದ. ಕರೆಂಟು ಹಾದ್ಯಾಗ ಸಾಯಾಕತ್ತೇದ" ಎಂದರು.

ಬಂಧುಗಳೇ, ಹಾದಿಯಲ್ಲಿ ಸಾಯುವುದು ಎಂದರೇನು? ಅದನ್ನು ಈಗ ವಿಚಾರ ಮಾಡೋಣ.

ಈ ಯಾರ್ಡಿನ ಒಂದು ಗಲ್ಲಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಮಾಲರು ಬೆನ್ನ ಮೇಲೆ ಗೋಣಿ ಹೊತ್ತು ಆ ಗಲ್ಲಿಯಲ್ಲಿ ಸಾಗಬೇಕು. ಗಲ್ಲಿ ಉದ್ದವಾದಷ್ಟೂ ದಣಿವು ಹೆಚ್ಚು. ಗಲ್ಲಿ ಅಗಲವಾದಷ್ಟೂ ಒಮ್ಮೆಗೆ ಹೆಚ್ಚು ಮಂದಿ ಸರಾಗವಾಗಿ ಹೋಗುತ್ತಾರೆ. ಇಕ್ಕಟ್ಟಾದರೆ ತಿಕ್ಕಾಟ, ನೂಕಾಟ. ಮೂರನೆಯದು ನೆಲ. ಸಿಮೆಂಟಿನ ನೆಲವಾದರೆ ಕಾಲು ಸಲೀಸಾಗಿ ಹೋಗುತ್ತದೆ, ಕೆಸರಾದರೆ ಹೆಜ್ಜೆ ಹೆಜ್ಜೆಗೂ ಹೂಳುತ್ತದೆ.

ತಂತಿಯಲ್ಲಿಯೂ ಹೀಗೆಯೇ. ಲೋಹದೊಳಗೆ ಸಾಗುವ ವಿದ್ಯುತ್ ಕಣಗಳು ದಾರಿಯಲ್ಲಿ ಲೋಹದ ಅಣುಗಳಿಗೆ ಡಿಕ್ಕಿ ಹೊಡೆಯುತ್ತ ಹೋಗುತ್ತವೆ. ಆ ಡಿಕ್ಕಿಯಲ್ಲಿ ಕಳೆದ ಶಕ್ತಿಯೇ ಶಾಖವಾಗುತ್ತದೆ. ತಂತಿ ಪ್ರವಾಹಕ್ಕೆ ಒಡ್ಡುವ ಈ ಅಡ್ಡಿಗೆ ರೋಧ ಎಂದು ಹೆಸರು. ಅದನ್ನು ಅಳೆಯುವ ಮಾನ ಓಂ.

ಲೆಕ್ಕ ಮೂರೇ ಮಾತಿನದು. ಉದ್ದ ಎರಡು ಪಟ್ಟಾದರೆ ರೋಧವೂ ಎರಡು ಪಟ್ಟು. ಅಡ್ಡಕೊಯ್ತದ ವಿಸ್ತೀರ್ಣ ಎರಡು ಪಟ್ಟಾದರೆ ರೋಧ ಅರ್ಧ. ಇನ್ನು ಲೋಹ ಬದಲಾದರೆ ರೋಧ ಆ ಲೋಹದ ಗುಣದಂತೆ ಬದಲಾಗುತ್ತದೆ. ಆ ಗುಣಕ್ಕೆ ರೋಧಶೀಲತೆ ಎನ್ನುತ್ತಾರೆ. ರೋಧಶೀಲತೆಯನ್ನು ಉದ್ದದಿಂದ ಗುಣಿಸಿ, ವಿಸ್ತೀರ್ಣದಿಂದ ಭಾಗಿಸಿದರೆ ರೋಧ ಬರುತ್ತದೆ. ಏಳನೆಯ ಇಯತ್ತೆಯ ಗುಣಾಕಾರ ಭಾಗಾಕಾರವೇ ಸಾಕು.

ಅಡ್ಡಕೊಯ್ತ ಎಂದರೆ ತಂತಿಯನ್ನು ಅಡ್ಡಕ್ಕೆ ಕತ್ತರಿಸಿದಾಗ ಕಾಣುವ ಮುಖ. ಇಲ್ಲೊಂದು ಎಚ್ಚರ ಬೇಕು. ಆರು ಅಂಗುಲದ ದೋಸೆಗೂ ಹನ್ನೆರಡು ಅಂಗುಲದ ದೋಸೆಗೂ ಎಷ್ಟು ಹಿಟ್ಟು ಬೇಕೆಂದು ನಮ್ಮ ದೋಸೆ ಭಟ್ಟರನ್ನು ಕೇಳಿ. ಅಗಲ ಎರಡು ಪಟ್ಟಾದರೆ ಹಿಟ್ಟು ನಾಲ್ಕು ಪಟ್ಟು ಬೇಕು. ತಂತಿಗೂ ಅದೇ. 1 ಮಿಲಿಮೀಟರು ವ್ಯಾಸದ ತಂತಿಯ ಬದಲು 2 ಮಿಲಿಮೀಟರು ವ್ಯಾಸದ್ದು ಹಾಕಿದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ರೋಧ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಕಣ್ಣಿಗೆ "ಸ್ವಲ್ಪ ತೆಳ್ಳಗೆ" ಎಂದು ಕಂಡ ತಂತಿ ಲೆಕ್ಕದಲ್ಲಿ ಬಹಳ ತೆಳ್ಳಗಿರುತ್ತದೆ.

ಅಂಗಡಿಯಲ್ಲಿ ತಂತಿ ಕೇಳುವಾಗಲೂ ಮೋಸ ಹೋಗಬಾರದು. ಈಗಿನ ಲೆಕ್ಕ ಚದರ ಮಿಲಿಮೀಟರಿನದು; ಪುಣೆಯ ಅಂಗಡಿಗಳಲ್ಲಿ "ದೀಡ್", "ಅಡೀಚ್" ಎಂದರೆ 1.5 ಮತ್ತು 2.5 ಚದರ ಮಿಲಿಮೀಟರು. ಹಳೆಯ ವೈರ್‌ಮನ್ನರು ಇನ್ನೂ "ತೀನ್ ಬೀಸ್", "ಸಾತ್ ಬೀಸ್" ಎನ್ನುವುದುಂಟು. ತೀನ್ ಬೀಸ್ ಎಂದರೆ 20 ನಂಬರ್ ಗೇಜಿನ ಮೂರು ಎಳೆ, ಹೆಚ್ಚು ಕಡಿಮೆ 2 ಚದರ ಮಿಲಿಮೀಟರು. ಗೇಜಿನಲ್ಲಿ ನಂಬರು ಹೆಚ್ಚಿದಷ್ಟೂ ಎಳೆ ತೆಳ್ಳಗೆ ಎಂಬುದನ್ನು ಮರೆಯಬೇಡಿ. 18 ನಂಬರಿನ ಎಳೆಗಿಂತ 22 ನಂಬರಿನದು ದಪ್ಪವೆಂದು ತಿಳಿದು ಕೊಂಡವರನ್ನು ನಾವು ಕಂಡಿದ್ದೇವೆ.

ಈಗ ನಮ್ಮ ಗ್ರೈಂಡರಿನ ಲೆಕ್ಕಕ್ಕೆ ಬರೋಣ. 1 ಮೀಟರು ಉದ್ದ, 1 ಚದರ ಮಿಲಿಮೀಟರು ದಪ್ಪದ ತಾಮ್ರದ ತಂತಿಯ ರೋಧ ಸುಮಾರು 0.017 ಓಂ. ಪುಣೆಯ ಬಿಸಿಲಿಗೆ ಸ್ವಲ್ಪ ಹೆಚ್ಚಿಸಿ 0.0175 ಎಂದು ಹಿಡಿಯೋಣ. ಶೆಡ್ಡು 40 ಮೀಟರು ದೂರ. ಆದರೆ ಪ್ರವಾಹ ಹೋಗಿ ಮರಳಿ ಬರಬೇಕು, ಆದ್ದರಿಂದ ತಂತಿಯ ಉದ್ದ 80 ಮೀಟರು. ತಂತಿಯ ದಪ್ಪ ಅರ್ಧ ಚದರ ಮಿಲಿಮೀಟರು. 0.0175ನ್ನು 80ರಿಂದ ಗುಣಿಸಿ 0.5ರಿಂದ ಭಾಗಿಸಿ. 2.8 ಓಂ ಬರುತ್ತದೆ. ಗ್ರೈಂಡರು ಎಳೆಯುತ್ತಿದ್ದದ್ದು ಸುಮಾರು 7.5 ಆಂಪಿಯರ್. ಇವೆರಡನ್ನು ಗುಣಿಸಿದರೆ 21 ವೋಲ್ಟು. 224ರಲ್ಲಿ 21 ಕಳೆದರೆ 203. ಕಾಕಾರ ಮೀಟರು ಹೇಳಿದ್ದೂ ಅದನ್ನೇ. ಕಾಗದದ ಮೇಲಿನ ಲೆಕ್ಕವೂ ಶೆಡ್ಡಿನ ಮೀಟರೂ ಕೂಡಿ ಬಂದಾಗ ನಮಗಾದ ಆನಂದವನ್ನು ಹೇಗೆ ಹೇಳಲಿ! ಅದರ ಹಿಂದೆಯೇ ನಾಚಿಕೆಯೂ ಆಯಿತು.

ಮೋಟಾರು ಶುರುವಾಗುವ ಕ್ಷಣದಲ್ಲಿ ಓಡುವಾಗಿಗಿಂತ ಹಲವು ಪಟ್ಟು ಪ್ರವಾಹ ಎಳೆಯುತ್ತದೆ. ಆಗ ತಂತಿಯಲ್ಲಿ ಕಳೆಯುವ ವೋಲ್ಟು ಕೂಡ ಅಷ್ಟೇ ಏರುತ್ತದೆ. ಒತ್ತಡ 224ರ ಬದಲು 160 ಸಿಕ್ಕಿದರೆ ಮೋಟಾರಿನ ತಿರುಗಿಸುವ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಯಾಕೆಂದರೆ ಆ ಬಲ ಒತ್ತಡದ ವರ್ಗದಂತೆ ಏರಿಳಿಯುತ್ತದೆ. ಕಲ್ಲು ತಿರುಗುವುದಿಲ್ಲ, ಮೋಟಾರು ಗುಂಯ್ ಎನ್ನುತ್ತ ನಿಂತಲ್ಲೇ ಪ್ರವಾಹ ಕುಡಿದು ಬಿಸಿಯಾಗುತ್ತದೆ, ಸುರುಳಿಯ ಮೇಲಿನ ಲೇಪ ಸುಡುತ್ತದೆ. ಹುಡುಗ ಕೈಯಿಂದ ಕಲ್ಲು ತಿರುಗಿಸಿ ಕೊಡುತ್ತಿದ್ದನಲ್ಲ, ಅವನು ಮೋಟಾರನ್ನು ಕೆಡಿಸುತ್ತಿರಲಿಲ್ಲ, ಉಳಿಸುತ್ತಿದ್ದ.

ಇನ್ನೊಂದು ಲೆಕ್ಕ ನೋಡಿ. ಗ್ರೈಂಡರು ಅಡಿಗೆಮನೆಯಲ್ಲಿದ್ದಾಗ ದೂರ 5 ಮೀಟರು, ಹೋಗಿ ಬರುವ ತಂತಿ 10 ಮೀಟರು. ಅದೇ ತೆಳ್ಳನೆಯ ತಂತಿಗೆ ಆಗ ರೋಧ 0.35 ಓಂ ಮಾತ್ರ. ಉದ್ದ ಎಂಟು ಪಟ್ಟಾದಾಗ ರೋಧವೂ ಎಂಟು ಪಟ್ಟಾಗಿ 2.8 ಆಯಿತು. ಇದನ್ನು ಮತ್ತೆ 0.35ಕ್ಕೆ ತರಬೇಕಾದರೆ ದಪ್ಪವನ್ನೂ ಎಂಟು ಪಟ್ಟು ಮಾಡಬೇಕು, ಅಂದರೆ 4 ಚದರ ಮಿಲಿಮೀಟರಿನ ತಂತಿ ಹಾಕಬೇಕು. ಕಾಕಾ ಬರೆದುಕೊಟ್ಟದ್ದೂ 4 ಚದರ ಮಿಲಿಮೀಟರೇ.

ಆದರೆ ಹತ್ತಿರವಿದ್ದರೆ ತೆಳ್ಳನೆಯ ತಂತಿ ಸಾಕೆಂದು ಯಾರೂ ತಿಳಿಯಬಾರದು. ಹತ್ತಿರವಿದ್ದಾಗ ವೋಲ್ಟು ಹೆಚ್ಚು ಕಳೆಯುವುದಿಲ್ಲ, ನಿಜ. ಆದರೆ ಒಂದೊಂದು ಮೀಟರು ತಂತಿಯೂ ಅಷ್ಟೇ ಬಿಸಿಯಾಗುತ್ತದೆ. ವೋಲ್ಟಿನ ನಷ್ಟ ಉದ್ದ ಮತ್ತು ದಪ್ಪ ಎರಡನ್ನೂ ನೋಡುತ್ತದೆ. ತಂತಿಯ ಮೈ ಬಿಸಿಯಾಗುವುದು ದಪ್ಪವನ್ನೂ ಪ್ರವಾಹವನ್ನೂ ನೋಡುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು.

ಧಣಿಗಳ ಮುಂದೆ ಈ ಕಾಗದ ಇಟ್ಟೆವು. ಅವರು ಮೊದಲು ಒಪ್ಪಲಿಲ್ಲ. ಆಗ ಇನ್ನೊಂದು ಸಾಲು ಬರೆದು ತೋರಿಸಿದೆವು. ಪ್ರವಾಹವನ್ನು ಪ್ರವಾಹದಿಂದಲೇ ಗುಣಿಸಿ ರೋಧದಿಂದ ಗುಣಿಸಿದರೆ ತಂತಿಯಲ್ಲಿ ಶಾಖವಾಗಿ ಹೋಗುವ ವಾಟು ಸಿಗುತ್ತದೆ. 7.5, 7.5, 2.8. ಉತ್ತರ ಸುಮಾರು 157. "ಧಣಿ, ಅರವತ್ತು ವಾಟಿನ ಎರಡೂವರೆ ಬಲ್ಬು ನಿಮ್ಮ ಮಾಡಿನ ಮೇಲೆ ಸುಮ್ಮನೆ ಉರಿದ ಹಾಗಾಯಿತು. ದಿನಕ್ಕೆ ನಾಲ್ಕು ತಾಸಿನ ಲೆಕ್ಕದಲ್ಲಿ ತಿಂಗಳಿಗೆ ಸುಮಾರು ಹತ್ತೊಂಬತ್ತು ಯುನಿಟ್ಟು" ಎಂದೆವು. ಆಗ ತಂತಿ ಬದಲಾಯಿತು. ಗ್ರೈಂಡರು ಗುಂಡಿ ಒತ್ತಿದ ಕೂಡಲೇ ತಿರುಗಿತು.

ತಂತಿ ಬದಲಾಯಿತು, ಆದರೆ ಹುಡುಗನ 1600 ರೂಪಾಯಿ? "ಹೋದವನ ಲೆಕ್ಕ ಹೋಯಿತು" ಎಂದರು ಧಣಿಗಳು. ನಾವು ನಾಲ್ವರು ಗಲ್ಲೆಯ ಮುಂದೆ ನಿಂತು ಕೇಳಿದೆವು. ಜೀವಮಾನದಲ್ಲಿ ನಾವು ಮುಂದಿಟ್ಟ ಮೊದಲ ಬೇಡಿಕೆ ಅದು. ಕೊನೆಗೆ 800 ಕೊಟ್ಟರು. ಉಳಿದ 800ನ್ನು ನಾವೇ ಹಾಕಿದೆವು, ಯಾಕೆಂದರೆ ಆ ಕಡಿತಕ್ಕೆ ಸಾಕ್ಷಿ ಹೇಳಿದ ಬಾಯಿ ನಮ್ಮದು. ಊರಿಗೆ ಹೋಗುವವರ ಕೈಯಲ್ಲಿ ಹಣ ಕಳಿಸಿದೆವು. ಹುಡುಗ ಮರಳಿ ಬರಲಿಲ್ಲ. ಹಣ ಮುಟ್ಟಿತೆಂದು ಹೇಳಿ ಕಳಿಸಿದ, ಅಷ್ಟೆ.

ಬಂಧುಗಳೇ, ಈ ಲೆಕ್ಕವನ್ನು ಹೇಳುವಾಗಲೆಲ್ಲ ಕೇಳುವವರಲ್ಲಿ ಒಬ್ಬರಾದರೂ ಒಂದು ಪ್ರಶ್ನೆ ಹಾಕುತ್ತಾರೆ: ತಂತಿ ಉದ್ದವಾದರೆ ರೋಧಶೀಲತೆಯೂ ಹೆಚ್ಚುತ್ತದಲ್ಲವೇ? ಹೆಚ್ಚುವುದಿಲ್ಲ. ಎರಡು ಹೆಸರು ಒಂದೇ ತರಹ ಕೇಳುವುದರಿಂದ ಈ ಗೊಂದಲ. ಯಾರ್ಡಿನಲ್ಲಿ ಕೆಲಸ ಮಾಡುವವರಿಗೆ ಇದನ್ನು ತಿಳಿಸುವುದು ಸುಲಭ. ಒಂದೇ ರಾಶಿಯ ಉಳ್ಳಾಗಡ್ಡಿಯನ್ನು ಹತ್ತು ಕಿಲೋ ತೂಗಿದರೆ ಬಿಲ್ಲು ಚಿಕ್ಕದು, ನೂರು ಕಿಲೋ ತೂಗಿದರೆ ಬಿಲ್ಲು ದೊಡ್ಡದು. ಕಿಲೋದ ದರ ಅದೇ. ರೋಧಶೀಲತೆ ದರ, ರೋಧ ಬಿಲ್ಲು. ದರ ಬದಲಾಗುವುದು ಯಾವಾಗ? ಮಾಲಿನ ಜಾತಿ ಬದಲಾದರೆ, ಇಲ್ಲವೆ ದಿನ ಬದಲಾದರೆ. ಇಲ್ಲಿಯೂ ಹಾಗೆಯೇ. ಲೋಹ ಬದಲಾದರೆ ರೋಧಶೀಲತೆ ಬದಲಾಗುತ್ತದೆ. ಶಾಖ ಏರಿದರೂ ಬದಲಾಗುತ್ತದೆ. ತಾಮ್ರವನ್ನು ಹತ್ತು ಡಿಗ್ರಿ ಬಿಸಿ ಮಾಡಿದರೆ ಅದರ ರೋಧಶೀಲತೆ ನೂರಕ್ಕೆ ನಾಲ್ಕರಷ್ಟು ಹೆಚ್ಚುತ್ತದೆ. ಆದರೆ ಉದ್ದ ದಪ್ಪಗಳಿಗೂ ಅದಕ್ಕೂ ಸಂಬಂಧವಿಲ್ಲ.

ಒಂದು ಚಿಕ್ಕ ಒಗಟು ಹಾಕುತ್ತೇವೆ. ಒಂದು ತಾಮ್ರದ ತಂತಿಯನ್ನು ಎಳೆದು ಎರಡು ಪಟ್ಟು ಉದ್ದ ಮಾಡಿದರೆ ರೋಧ ಎಷ್ಟಾಗುತ್ತದೆ? ಎರಡು ಪಟ್ಟು ಎನ್ನುವವರು ಹಿಟ್ಟಿನ ಉಂಡೆಯನ್ನು ನೆನೆಯಬೇಕು. ಅದೇ ಉಂಡೆಯನ್ನು ಹೊಸೆದು ಉದ್ದ ಮಾಡಿದರೆ ಅದು ತೆಳ್ಳಗೂ ಆಗುತ್ತದೆ. ಉದ್ದ ಎರಡು ಪಟ್ಟು, ವಿಸ್ತೀರ್ಣ ಅರ್ಧ, ಆದ್ದರಿಂದ ರೋಧ ನಾಲ್ಕು ಪಟ್ಟು. ತಾಮ್ರದ ರೋಧಶೀಲತೆ ಮಾತ್ರ ಎಳೆಯುವ ಮೊದಲು ಇದ್ದಷ್ಟೇ.

ದರದ ಪಟ್ಟಿಯನ್ನೂ ಹೇಳಿಬಿಡೋಣ. 1 ಮೀಟರು ಉದ್ದ, 1 ಚದರ ಮಿಲಿಮೀಟರು ದಪ್ಪದ ತಂತಿಗೆ ಬೆಳ್ಳಿಯಲ್ಲಿ ಸುಮಾರು 0.016 ಓಂ, ತಾಮ್ರದಲ್ಲಿ 0.017, ಅಲ್ಯೂಮಿನಿಯಮ್ಮಿನಲ್ಲಿ 0.028, ಕಬ್ಬಿಣದಲ್ಲಿ 0.10, ನೈಕ್ರೋಮಿನಲ್ಲಿ 1.1. ಬೆಳ್ಳಿ ಎಲ್ಲಕ್ಕಿಂತ ಮೇಲು, ಆದರೆ ಬೆಳ್ಳಿಯ ತಂತಿ ಹಾಕಿ ಗ್ರೈಂಡರು ತಿರುಗಿಸುವ ಧಣಿ ಇನ್ನೂ ಹುಟ್ಟಿಲ್ಲ. ಅಲ್ಯೂಮಿನಿಯಂ ಅಗ್ಗ, ಹಗುರ. ಆದರೆ ತಾಮ್ರದ ತಂತಿಯ ಜಾಗದಲ್ಲಿ ಅಷ್ಟೇ ದಪ್ಪದ ಅಲ್ಯೂಮಿನಿಯಂ ಹಾಕಿದರೆ ರೋಧ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಉದ್ದ, ದಪ್ಪ ಎರಡೂ ಸರಿಯಿದೆ ಎಂದು ಹೇಳುವವರನ್ನು ಲೋಹ ಯಾವುದೆಂದೂ ಕೇಳಬೇಕು.

ನೈಕ್ರೋಮಿನ ದರ ತಾಮ್ರಕ್ಕಿಂತ ಅರವತ್ತು ಪಟ್ಟಿಗೂ ಮೇಲೆ. ನಿಕೆಲ್ ಮತ್ತು ಕ್ರೋಮಿಯಂ ಕೂಡಿಸಿದ ಈ ಮಿಶ್ರಲೋಹಕ್ಕೆ ಅಮೆರಿಕದ ಆಲ್ಬರ್ಟ್ ಮಾರ್ಷ್ ಎಂಬವರು 1906ರಲ್ಲಿ ಪೇಟೆಂಟ್ ಪಡೆದರು. ವಿದ್ಯುತ್ ಒಲೆಯ ಕೆಂಪು ಸುರುಳಿ ಇದರದೇ. ಒಲೆಯ ಸುರುಳಿಯಲ್ಲಿಯೂ ಅದಕ್ಕೆ ಹೋಗುವ ತಂತಿಯಲ್ಲಿಯೂ ಹರಿಯುವ ಪ್ರವಾಹ ಒಂದೇ. ಸುರುಳಿ ಕೆಂಪಗಾಗುತ್ತದೆ, ತಂತಿ ತಣ್ಣಗಿರುತ್ತದೆ, ಯಾಕೆಂದರೆ ರೋಧವೆಲ್ಲ ಸುರುಳಿಯಲ್ಲಿದೆ. ಬಿಸಿ ಬೇಕಾದಲ್ಲಿ ರೋಧ ಹೆಚ್ಚಿರಬೇಕು, ಬೇಡವಾದಲ್ಲಿ ಕಡಿಮೆ ಇರಬೇಕು. ಇಡೀ ವೈರಿಂಗ್ ಕಸಬಿನ ಸಾರ ಇಷ್ಟೇ. ತೆಳ್ಳನೆಯ ತಂತಿ ಹಾಕಿದವರು ತಮ್ಮ ಗೋಡೆಯೊಳಗೇ ಒಂದು ಒಲೆ ಹೂಡಿದಂತೆ.

ಈ ನಿಯಮವನ್ನು ಕಂಡವರು ಯಾರೆಂದು ತಿಳಿದರೆ ನಿಮಗೆ ಸಂತೋಷವಾದೀತು. ಜರ್ಮನಿಯ ಎರ್ಲಾಂಗೆನ್ ಊರಿನಲ್ಲಿ 1789ರಲ್ಲಿ ಹುಟ್ಟಿದ ಗೇಯೊರ್ಗ್ ಓಂ ಎಂಬವರು. ಅವರ ತಂದೆ ಬೀಗ ಮಾಡುವ ಕಸಬುದಾರ. ಮಗ ಶಾಲೆಯ ಮಾಸ್ತರರಾಗಿ, ಬಗೆಬಗೆಯ ಉದ್ದದ ತಂತಿಗಳನ್ನು ಒಂದೊಂದಾಗಿ ಜೋಡಿಸಿ ಪರೀಕ್ಷೆ ಮಾಡಿದರು. ಆ ಕಾಲದ ಬ್ಯಾಟರಿಗಳು ಒಂದೇ ಸಮನೆ ನಡೆಯುತ್ತಿರಲಿಲ್ಲ. ಅದಕ್ಕಾಗಿ ಎರಡು ಲೋಹಗಳ ಬೆಸುಗೆಯ ಒಂದು ತುದಿಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದು ತುದಿಯನ್ನು ಮಂಜಿನಲ್ಲಿ ಇಟ್ಟು, ಏರಿಳಿಯದ ವಿದ್ಯುತ್ತನ್ನು ಪಡೆದರು. 1827ರಲ್ಲಿ ಪುಸ್ತಕ ಬರೆದರು. ಮೊದಲು ಹಲವರು ಅದನ್ನು ತಾತ್ಸಾರ ಮಾಡಿದರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕೋಪ್ಲಿ ಪದಕ ಕೊಟ್ಟಿತು. ರೋಧದ ಮಾನಕ್ಕೆ ಇಂದಿಗೂ ಅವರದೇ ಹೆಸರು. ಬೀಗ ಮಾಡುವವರ ಮನೆಯಲ್ಲಿ ಹುಟ್ಟಿದವರಿಗೆ ಹೊಳೆದದ್ದು ನಮಗೆ ತಿಳಿಯಲಾರದೆಂದು ಯಾರೂ ಅಂಜಬೇಕಾಗಿಲ್ಲ.

ನಮ್ಮ ಕನ್ನಡ ನಾಡಿನ ಒಂದು ಉದಾಹರಣೆಯೂ ಇದೆ. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ತು ತಯಾರಿಸಿ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದರು. ದಾರಿ 92 ಮೈಲು, ಅಂದರೆ ಸುಮಾರು 148 ಕಿಲೋಮೀಟರು. ನಮ್ಮ 40 ಮೀಟರಿಗೇ ಗ್ರೈಂಡರು ಅತ್ತಿತು. 148 ಕಿಲೋಮೀಟರಿನ ತಂತಿಯ ಗತಿಯೇನು? ಗಣಿಯನ್ನು ಹತ್ತಿರ ತರಲು ಸಾಧ್ಯವಿಲ್ಲ. ತಂತಿಯನ್ನು ಕಂಬದಷ್ಟು ದಪ್ಪ ಮಾಡಲೂ ಆಗದು. ಅವರು ಒತ್ತಡವನ್ನು 30 ಸಾವಿರ ವೋಲ್ಟಿಗೂ ಮೇಲೆ ಏರಿಸಿದರು. ಒತ್ತಡ ಹತ್ತು ಪಟ್ಟಾದರೆ ಅದೇ ಶಕ್ತಿಯನ್ನು ಸಾಗಿಸಲು ಪ್ರವಾಹ ಹತ್ತನೆಯ ಒಂದು ಭಾಗ ಸಾಕು, ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ನೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆ ವಿದ್ಯುತ್ತೇ 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳನ್ನೂ ಬೆಳಗಿಸಿತು. ಈಗ ಊರಿನಿಂದ ಊರಿಗೆ ಹೋಗುವ ದೊಡ್ಡ ಕಂಬಗಳ ತಂತಿಗಳಲ್ಲೆಲ್ಲ ಇದೇ ಉಪಾಯ. ಆದರೆ ಹೊಟೇಲಿನೊಳಗೆ ಬರುವುದು 230 ವೋಲ್ಟು ಮಾತ್ರ. ಅದನ್ನು ಏರಿಸುವ ಹಾಗಿಲ್ಲ. ನಮಗೆ ಉಳಿದ ದಾರಿ ಎರಡೇ: ಯಂತ್ರವನ್ನು ಹತ್ತಿರ ಇಡುವುದು, ಇಲ್ಲವೆ ತಂತಿಯನ್ನು ದಪ್ಪ ಹಾಕುವುದು.

ಇನ್ನು ಜೀವದ ಮಾತು. ನಮ್ಮಲ್ಲಿ ಎಷ್ಟೋ ಮಂದಿ ಅಂಗಡಿಯ ಅಟ್ಟದ ಮೇಲೆಯೇ ಮಲಗುತ್ತೇವೆ. ಕೆಳಗೆ ಎಣ್ಣೆಯ ಡಬ್ಬಿ, ಗ್ಯಾಸಿನ ಸಿಲಿಂಡರು. ತಲೆಯ ಮೇಲೆ ತಂತಿಯ ಜಾಲ. ಸ್ನಾನದ ನೀರಿಗೆ ರಾಡು, ಮೊಬೈಲಿನ ಚಾರ್ಜರುಗಳು, ಫ್ಯಾನು, ಎಲ್ಲಕ್ಕೂ ಒಂದೇ ಎಕ್ಸ್‌ಟೆನ್ಶನ್. 1500 ವಾಟಿನ ರಾಡೊಂದೇ ಆರೂವರೆ ಆಂಪಿಯರ್ ಎಳೆಯುತ್ತದೆ. ತಂತಿಯನ್ನು ಸುರುಳಿ ಸುತ್ತಿ ಹಾಸಿಗೆಯ ಕೆಳಗೆ ತುರುಕಿದರೆ ಶಾಖ ಹೊರಗೆ ಹೋಗಲು ದಾರಿಯಿಲ್ಲ. ಶಾಖ ಏರಿದಂತೆ ತಾಮ್ರದ ರೋಧವೂ ಏರುತ್ತದೆ, ಹೊದಿಕೆ ಮೆತ್ತಗಾಗುತ್ತದೆ.

ಎರಡು ತಂತಿಗಳನ್ನು ಕೈಯಿಂದ ಹೊಸೆದು ಟೇಪು ಸುತ್ತಿದ ಜೋಡಣೆ ಇನ್ನೂ ಅಪಾಯ. ತಂತಿ ದಪ್ಪವಿದ್ದರೂ ಜೋಡಣೆಯಲ್ಲಿ ಲೋಹಕ್ಕೆ ಲೋಹ ತಗಲುವ ಜಾಗ ಸೂಜಿಮೊನೆಯಷ್ಟೇ ಇರಬಹುದು. ಅಗಲವಾದ ಗಲ್ಲಿಯ ನಡುವೆ ಒಬ್ಬರೇ ನುಸುಳುವ ಕಿಂಡಿ ಇದ್ದಂತೆ. ರೋಧವೆಲ್ಲ ಅಲ್ಲಿ ಕೂಡುತ್ತದೆ, ಬೆಂಕಿಯೂ ಅಲ್ಲೇ ಹುಟ್ಟುತ್ತದೆ. ಟೇಪು ಕಪ್ಪಾಗಿದ್ದರೆ, ಸುಟ್ಟ ವಾಸನೆ ಬಂದರೆ, ಪ್ಲಗ್ಗು ಕಂದಿದ್ದರೆ, ಅದನ್ನು ಕಿತ್ತು ನೋಡುವ ಸಾಹಸ ಬೇಡ. ಮೇನ್ ಆಫ್ ಮಾಡಿ, ಪರವಾನಗಿ ಇರುವ ವೈರ್‌ಮನ್ನರನ್ನು ಕರೆಯಿರಿ.

ಫ್ಯೂಜಿನ ವಿಷಯವೂ ದಪ್ಪದ ವಿಷಯವೇ. ಹಳೆಯ ಹಲಗೆಗಳಲ್ಲಿ ಕಿಟ್‌ಕ್ಯಾಟ್ ಎನ್ನುತ್ತೇವಲ್ಲ, ಅದರೊಳಗಿನ ತಂತಿಯನ್ನು ಬೇಕೆಂದೇ ತೆಳ್ಳಗೆ ಇಟ್ಟಿರುತ್ತಾರೆ. ಪ್ರವಾಹ ಮಿತಿಮೀರಿದಾಗ ಇಡೀ ದಾರಿಯಲ್ಲಿ ಮೊದಲು ಕರಗಬೇಕಾದದ್ದು ಅದು. ಪದೇ ಪದೇ ಹೋಗುತ್ತದೆಂದು ಅಲ್ಲಿ ದಪ್ಪ ತಂತಿ ಕಟ್ಟಿದರೆ ಫ್ಯೂಜು ಉಳಿಯುತ್ತದೆ, ಗೋಡೆಯೊಳಗಿನ ತಂತಿ ಕರಗುತ್ತದೆ. ಎಂ.ಸಿ.ಬಿ. ಇದ್ದರೂ ಅದು ತಂತಿಯ ದಪ್ಪಕ್ಕೆ ತಕ್ಕದ್ದಾಗಿರಬೇಕು. ಕಾವಲುಗಾರ ನಿದ್ದೆಗೆ ಜಾರಿದ ಮನೆಯಂತೆ ಆಗಬಾರದು.

2016ರ ಡಿಸೆಂಬರ್ 30ರ ನಸುಕಿನಲ್ಲಿ ನಮ್ಮ ನೆರೆಯ ಕೊಂಢ್ವಾದಲ್ಲಿ ಒಂದು ಬೇಕರಿಗೆ ಬೆಂಕಿ ಬಿತ್ತು. ಒಳಗೆ ಮಲಗಿದ್ದ ಆರು ಮಂದಿ ಕೆಲಸಗಾರರು ತೀರಿಕೊಂಡರು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಬೆಂಕಿ ಯಾವುದರಿಂದಲೇ ಹತ್ತಲಿ, ಒಳಗೆ ಮನುಷ್ಯರಿರುವಾಗ ಹೊರಗಿನಿಂದ ಬೀಗ ಹಾಕುವುದು ಯಾವ ಧರ್ಮ? ತಂತಿಯ ಲೆಕ್ಕದಲ್ಲಿ ಎಷ್ಟು ಜಾಣರಾದರೂ ಬೀಗದ ಬಾಗಿಲ ಮುಂದೆ ಅದು ಉಪಯೋಗಕ್ಕೆ ಬಾರದು. ಆದ್ದರಿಂದ ಎರಡನ್ನೂ ಒಟ್ಟಿಗೆ ಹೇಳುತ್ತಿದ್ದೇವೆ.

ಈಗ ಕಾಯ್ದೆಯ ಒಂದು ಮಾತು. ಕೆಲಸಗಾರನ ಅಲಕ್ಷ್ಯದಿಂದ ಸಾಮಾನು ಹಾಳಾಯಿತೆಂದು ಪಗಾರ ಕಡಿಯುವ ಮೊದಲು ಅವನಿಗೆ ತನ್ನ ಸಮಜಾಯಿಷಿ ಹೇಳಲು ಅವಕಾಶ ಕೊಡಬೇಕು, ಆದ ನಷ್ಟಕ್ಕಿಂತ ಹೆಚ್ಚು ಕಡಿಯಬಾರದು. 1936ರ ವೇತನ ಪಾವತಿ ಕಾಯ್ದೆಯಲ್ಲಿ ಈ ನಿಯಮವಿತ್ತು. ಅದರ ಸ್ಥಾನಕ್ಕೆ ಬಂದ 2019ರ ವೇತನ ಸಂಹಿತೆಯಲ್ಲಿಯೂ ಇದೆ. ಆದರೆ ಅವಕಾಶ ಸಿಕ್ಕಿದಾಗ ಹೇಳಲು ನಮ್ಮ ಬಳಿ ಮಾತಿರಬೇಕಲ್ಲ! ಆ ಹುಡುಗನನ್ನು ಕೇಳಿದ್ದರೂ ಅವನು "ನಾನು ಮಾಡಿಲ್ಲ" ಎಂದಷ್ಟೇ ಹೇಳುತ್ತಿದ್ದ. "ಶೆಡ್ಡಿನಲ್ಲಿ ವೋಲ್ಟು ಅಳೆದು ನೋಡಿ" ಎಂದು ಹೇಳಲು ಅವನಿಗೂ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ.

ಆದಕಾರಣ ಈ ಕೂಟದ ಮುಂದೆ ಮೂರು ಸಂಗತಿ ಇಡುತ್ತೇವೆ. ಒಂದು: ಮೋಟಾರು ಸುಟ್ಟಿತೆಂದು ಯಾರ ಪಗಾರಕ್ಕೂ ಕೈ ಹಾಕುವ ಮೊದಲು, ಯಂತ್ರ ಓಡುವಾಗ ಹಲಗೆಯ ಹತ್ತಿರವೂ ಯಂತ್ರದ ಹತ್ತಿರವೂ ವೋಲ್ಟು ಅಳೆದು ಬರೆದಿಡಬೇಕು. ಎರಡು: ಹೊಸ ಯಂತ್ರ ಇಡುವಾಗ, ಇದ್ದದ್ದನ್ನು ಸ್ಥಳಾಂತರಿಸುವಾಗ, ತಂತಿಯ ಉದ್ದ, ದಪ್ಪ, ಲೋಹ ಈ ಮೂರನ್ನೂ ವೈರ್‌ಮನ್ನರಿಂದ ಚೀಟಿಯಲ್ಲಿ ಬರೆಸಿಕೊಳ್ಳಬೇಕು, ತಂತಿಯ ಮೇಲೆ ಐ.ಎಸ್. 694 ಎಂಬ ಗುರುತು ಇದೆಯೇ ನೋಡಬೇಕು. ಮೂರು: ಒಳಗೆ ಮಲಗುವವರಿದ್ದಾರೆಂದರೆ ಬಾಗಿಲು ಒಳಗಿನಿಂದ ತೆರೆಯುವಂತಿರಬೇಕು. ಇದನ್ನು ಧಣಿಗಳ ಮುಂದೆ ಜಗಳಕ್ಕಾಗಿ ಇಡಬೇಡಿ. ಮೋಟಾರು ಅವರದು, ವಿದ್ಯುತ್ ಬಿಲ್ಲು ಅವರದು, ಲಾಭವೂ ಅವರಿಗಿದೆ ಎಂದು ಲೆಕ್ಕ ತೋರಿಸಿ ಇಡಿ. ಒಪ್ಪದಿದ್ದರೆ ಸಂಘಕ್ಕೆ ಬನ್ನಿ, ನಾಲ್ವರಾಗಿ ಹೋಗೋಣ.

ಇನ್ನೊಂದು ಮಾತು ನಮಗೆ ನಾವೇ ಹೇಳಿಕೊಳ್ಳುವುದು. ಜೊತೆಯ ಕೆಲಸಗಾರ ಬಂದು "ಅಣ್ಣ, ಯಂತ್ರ ಮೊದಲಿನ ಹಾಗೆ ಇಲ್ಲ" ಎಂದರೆ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಒಂದು ಗಳಿಗೆ ಕೇಳಬೇಕು. ಗಲ್ಲೆಯ ಮುಂದೆ ನಿಂತಾಗ ಕಾಣದ್ದನ್ನು ಕಂಡೆವೆಂದು ಹೇಳಬಾರದು.

ನಮ್ಮ ಲೆಕ್ಕದಲ್ಲಿ ತಪ್ಪು ಕಂಡವರು ಸಂಘಕ್ಕೆ ಬಂದು ತಿದ್ದಬೇಕು. ನಾಳೆ ಬೆಳಿಗ್ಗೆ ಗ್ರೈಂಡರು ಶುರು ಮಾಡುವ ಮೊದಲು ಒಮ್ಮೆ ತಲೆಯೆತ್ತಿ ತಂತಿಯನ್ನು ನೋಡಿರೆಂದು ಕೇಳಿಕೊಳ್ಳುತ್ತೇವೆ.